ತಮಾಷೆಗೆ ಹೇಳಿದ್ದು

ನಾಲಿಗೆ ಜಾರಿದ ಮರುದಿನ ನಾಯಕರ ಬಾಯಿಂದ ಬರುವ ಮಾತು ಒಂದೇ: ‘ನಾನು ತಮಾಷೆಗೆ ಹೇಳಿದ್ದು, ಅದನ್ನು ತಿರುಚಿದ್ದಾರೆ.’ ಮೊನ್ನೆ ಬೆಳಿಗ್ಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಹೋಟೆಲಿನಲ್ಲಿ ಸುಸಲಾ ತಿನ್ನುತ್ತ ಕುಳಿತಿದ್ದಾಗ ಟಿವಿಯಲ್ಲಿ ಆ ಮಾತು ಇನ್ನೊಮ್ಮೆ ಕೇಳಿತು. ಹೇಳಿದವರು ಯಾವ ಪಕ್ಷದವರೆಂದು ನಾನು ಬರೆಯುವುದಿಲ್ಲ. ಈ ಒಂದು ವಾಕ್ಯದ ಮಟ್ಟಿಗೆ ಎಲ್ಲ ಪಕ್ಷಗಳಲ್ಲೂ ಒಮ್ಮತವಿದೆ. ಚಹಾ ತಂದಿಟ್ಟ ಹುಡುಗ ಪರದೆಯ ಕಡೆ ಕಣ್ಣು ಹಾಯಿಸಿ, ‘ಭಾರಿ ತಮಾಷಾ ನಡೆದಿದೆ ನೋಡಿರಿ, ಕಾಕಾ’ ಎಂದ. ಇಬ್ಬರೂ ಬಳಸಿದ್ದು ಒಂದೇ ಪದ. ಸರಿಯಾಗಿ ಬಳಸಿದವನು ಚಹಾ ತಂದ ಹುಡುಗ.

ಈ ಪದದ ಬೇರು ಅರಬ್ಬಿಯಲ್ಲಿದೆ. ಅಲ್ಲಿ ‘ಮಶಾ’ ಎಂದರೆ ನಡೆದ. ಅದೇ ಧಾತುವಿನಿಂದ ಬಂದ ‘ತಮಾಶೀ’ ಎಂದರೆ ಜೊತೆಗೂಡಿ ನಡೆಯುವುದು. ಪಾರಸಿಗೆ ಬಂದಾಗ ಅದು ‘ತಮಾಶಾ’ ಆಯಿತು. ನಾಲ್ಕು ಜನ ಕೂಡಿ ಅಡ್ಡಾಡಲು ಹೋಗುವುದು ಎಂಬ ಅರ್ಥ ಬಂತು. ಅಡ್ಡಾಡಲು ಹೋದವರು ನೆಲ ನೋಡಿಕೊಂಡು ಹೋಗುತ್ತಾರೆಯೇ? ಕಂಡಲ್ಲಿ ನಿಲ್ಲುತ್ತಾರೆ, ನೋಡುತ್ತಾರೆ. ಹೀಗೆ ಅಡ್ಡಾಟವು ನೋಟವಾಯಿತು, ಆಮೇಲೆ ನೋಡಿದ ವಸ್ತುವಿಗೂ ಅದೇ ಹೆಸರು ಅಂಟಿತು. ಇರಾನಿನಲ್ಲಿ ಇಂದಿಗೂ ‘ತಮಾಶಾ ಕರ್ದನ್’ ಎಂದರೆ ನೋಡುವುದು, ಅಷ್ಟೆ. ಟಿವಿ ನೋಡುವುದಕ್ಕೂ ಅದೇ ಕ್ರಿಯಾಪದ. ನಗುವಿನ ವಾಸನೆಯೂ ಇಲ್ಲ.

ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಾಗ ದರಬಾರಿನ ಜೊತೆ ಪಾರಸಿಯೂ ಬಂತು; 1948ರವರೆಗೆ ನಿಜಾಮರ ಆಳ್ವಿಕೆಯಿದ್ದುದರಿಂದ ಕಚೇರಿಯಲ್ಲಿ ಉರ್ದು, ಬೀದಿಯಲ್ಲಿ ದಖನಿ. ಅದಕ್ಕೇ ಇರಬೇಕು, ಈ ಭಾಗದವರು ಎರಡು ಬೇರೆ ವಸ್ತುಗಳಿಗೆ ಎರಡು ಬೇರೆ ಪದಗಳನ್ನು ಇಟ್ಟುಕೊಂಡಿದ್ದಾರೆ. ನಗಿಸಲು ಆಡುವ ಮಾತು ‘ಮಸ್ಕಿರಿ’. ನಿಂತು ನೋಡುವಂಥದ್ದು ‘ತಮಾಷಾ’. ಸೋದರಮಾವ ಅಳಿಯನನ್ನು ಕೆಣಕಿದರೆ ಮಸ್ಕಿರಿ. ಅದೇ ಮದುವೆಯಲ್ಲಿ ಬೀಗರು ಚಪ್ಪರದಡಿ ಕೈ ಕೈ ಮಿಲಾಯಿಸಿದರೆ ತಮಾಷಾ. ಮೈಸೂರು ಕಡೆಯವರು ಎರಡನ್ನೂ ಒಂದೇ ಚೀಲಕ್ಕೆ ಹಾಕಿಬಿಟ್ಟಿದ್ದಾರೆ. ನಿಘಂಟುಗಳೂ ಒಪ್ಪಿಕೊಂಡಿವೆ, ಆದ್ದರಿಂದ ಅದನ್ನು ತಪ್ಪೆನ್ನಲು ನನಗೆ ಅಧಿಕಾರವಿಲ್ಲ. ಬೇಸರಪಟ್ಟುಕೊಳ್ಳುವ ಅಧಿಕಾರ ಮಾತ್ರ ಇದೆ.

ಬೀದರ್ ಮತ್ತು ಆಳಂದದ ಗಡಿ ದಾಟಿದರೆ ಮರಾಠಿಯವರ ‘ತಮಾಶಾ’ ಸಿಗುತ್ತದೆ. ಅದೊಂದು ಪೂರ್ತಿ ರಂಗಪ್ರಕಾರ: ಮೊದಲು ಗಣಪತಿಯನ್ನು ನೆನೆಯುವ ಗಣ, ಬಳಿಕ ಕೃಷ್ಣ ಮತ್ತು ಗೋಪಿಯರ ಗವಳಣ, ಲಾವಣಿ, ಕೊನೆಗೆ ಕಥೆ ನಡೆಯುವ ವಗ. ನಗಿಸುವ ಕೆಲಸಕ್ಕೆ ಅಲ್ಲಿ ಬೇರೆಯೇ ಪಾತ್ರವಿದೆ, ಸೋಂಗಾಡ್ಯಾ. ಅಂದರೆ ಹೆಸರೇ ತಮಾಶಾ ಎಂದಿರುವ ಆಟದಲ್ಲೂ ಹಾಸ್ಯವೆಂಬುದು ಒಂದು ಪಾಲು ಮಾತ್ರ.

ಕನ್ನಡದಲ್ಲಿ ಹಳೆಯ ಅರ್ಥ ಸತ್ತಿಲ್ಲ. ‘ಮನೆಗೆ ಬೆಂಕಿ ಬಿದ್ದಾಗ ಊರವರೆಲ್ಲ ತಮಾಷೆ ನೋಡುತ್ತ ನಿಂತರು’ ಎಂಬ ವಾಕ್ಯದಲ್ಲಿ ಯಾರು ನಗುತ್ತಿದ್ದಾರೆ? ಯಾರೂ ಇಲ್ಲ. ‘ಪುಕ್ಕಟೆ ತಮಾಷೆ’ ಎಂದಾಗಲೂ ಉಳಿತಾಯವಾಗಿದ್ದು ನೋಡುವವನ ದುಡ್ಡು. ತಮಾಷೆಗೆ ನೋಡುವವನು ಬೇಕು. ಕೈ ಕಟ್ಟಿಕೊಂಡು ನಿಂತವನು. ಜೋಕಿಗಾದರೆ ಕೇಳುವವನು ಸಾಕು.

ಈಗ ರಾಜಕೀಯಕ್ಕೆ ಬರೋಣ. 2018ರ ಮೇ ತಿಂಗಳಲ್ಲಿ ಶಾಸಕರನ್ನು ಬಸ್ಸುಗಳಲ್ಲಿ ತುಂಬಿ ಬೆಂಗಳೂರಿನಿಂದ ಹೈದರಾಬಾದಿಗೆ ಕರೆದೊಯ್ದದ್ದು ನೆನಪಿರಬೇಕು. ಜೊತೆಗೂಡಿ ಹೋಗುವುದು! ಅರಬ್ಬಿಯ ಮೂಲಾರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮರುವರ್ಷ ಜುಲೈ 23ರಂದು 99ಕ್ಕೆ 105 ಮತಗಳಿಂದ ಸರ್ಕಾರ ಬಿದ್ದಾಗ ನಾವು ದಿನಗಟ್ಟಲೆ ಟಿವಿ ಮುಂದೆ ಕುಳಿತು ತಲೆ ಎಣಿಸಿದೆವು. ಅದು ಅಪ್ಪಟ ತಮಾಷೆ. ನಮ್ಮ ಓಟು ಹಿಂದಿನ ವರ್ಷವೇ ಮುಗಿದಿತ್ತು, ಉಳಿದಿದ್ದು ನೋಟ. 2025ರ ಕೊನೆಯಲ್ಲಿ ಮುಖ್ಯಮಂತ್ರಿ ಮತ್ತು ಉಪಮುಖ್ಯಮಂತ್ರಿ ಒಬ್ಬರ ಮನೆಗೊಬ್ಬರು ಉಪಾಹಾರಕ್ಕೆ ಹೋದಾಗ ತಟ್ಟೆಯಲ್ಲಿ ಏನಿತ್ತು ಎಂಬುದೂ ಸುದ್ದಿಯಾಯಿತಲ್ಲ, ಅದೂ ಅಷ್ಟೇ. ಬಿಗ್ ಬಾಸ್ ಇದಕ್ಕೆ ಹೋಲುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಯಾರು ಉಳಿಯಬೇಕೆಂದು ನೋಡುವವರು ವಾರವಾರವೂ ಓಟು ಹಾಕುತ್ತಾರೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ತಮಾಷೆಯ ವ್ಯಾಖ್ಯೆಯಿಂದ ಒಂದು ಹೆಜ್ಜೆ ಹೊರಗಿದೆ.

ಹಾಗಾದರೆ ‘ತಮಾಷೆಗೆ ಹೇಳಿದ್ದು’ ಎಂದ ನಾಯಕರು? ಅವರ ಮನಸ್ಸಿನಲ್ಲಿದ್ದದ್ದು ಮಸ್ಕಿರಿ. ಆದರೆ ನಾಲ್ಕು ಕ್ಯಾಮೆರಾ ಎದುರಿಗಿಟ್ಟುಕೊಂಡು, ಜನ ನೋಡಲಿ ಎಂದೇ ಆಡಿದ ಮಾತು ಅದು. ಪದದ ಹಳೆಯ ಅರ್ಥವನ್ನು ಹಿಡಿದರೆ, ಅವರು ತಮಗೆ ತಿಳಿಯದಂತೆ ನಿಜವನ್ನೇ ಹೇಳಿದ್ದಾರೆ.

ಇನ್ನು ಕಾಗುಣಿತ. ‘ತಮಾಶೆ’ ಎಂದು ಬರೆದವರ ಹಾಳೆಯ ಮೇಲೆ ಕೆಂಪು ಗೆರೆ ಎಳೆಯುವವರು ಗಮನಿಸಬೇಕು: ಮೂಲದಲ್ಲಿರುವುದು ಶಕಾರವೇ. ಖಜಾನಾ ಖಜಾನೆಯಾದಂತೆ, ಕಾರ್ಖಾನಾ ಕಾರ್ಖಾನೆಯಾದಂತೆ ಕೊನೆಯ ಆಕಾರ ಕನ್ನಡದಲ್ಲಿ ಎಕಾರವಾಗಿದ್ದು ಸಹಜ. ಆದರೆ ನಡುವಿನ ಷಕಾರ ನಾವೇ ತೊಡಿಸಿದ ಸಂಸ್ಕೃತದ ಶಲ್ಯ. ರೂಢಿಯಾಗಿದೆಯೆಂದು ನಾನೂ ಷಕಾರವನ್ನೇ ಬರೆಯುತ್ತೇನೆ. ‘ನಕ್ಷೆ’ಯದೂ ಇದೇ ಕಥೆ, ಅದರ ಮೂಲ ‘ನಕ್ಶಾ’.