ವಿವಿಪ್ಯಾರಿ: ಕಾಂಡ್ಲಾ ಮರದಲ್ಲಿ ತೂಗುವ ಸಸಿ

ಕಾರವಾರದ ಕಾಳಿ ಅಳಿವೆಯಲ್ಲೋ ಕುಮಟಾ ಕಡೆಯ ಅಘನಾಶಿನಿ ದಂಡೆಯಲ್ಲೋ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಮರಗಳನ್ನು ನೋಡಿದವರಿಗೆ ಎಲೆಗಳ ನಡುವಿಂದ ಇಳಿಬಿದ್ದ ಉದ್ದನೆಯ ಹಸಿರು ಕೋಲುಗಳ ನೆನಪಿರುತ್ತದೆ. ದೂರದಿಂದ ನುಗ್ಗೆಕಾಯಿಯ ಹಾಗೆ ಕಾಣುತ್ತವೆ. ಚಿತ್ರ ಬರೆಯುವವರೂ ಅದನ್ನು ಕಾಯಿ ಎಂದೇ ತಿಳಿದು, ಒಳಗೆ ಬೀಜಗಳಿರುವಂತೆ ಮೇಲೆ ಉಬ್ಬು ತಗ್ಗು ಕೊಡುವುದುಂಟು. ಸಸ್ಯಶಾಸ್ತ್ರ ಬಲ್ಲವರು ಪಕ್ಕದಲ್ಲಿದ್ದರೆ ಮೊದಲು ತಿದ್ದುವುದು ಇದನ್ನೇ. ಆ ಕೋಲಿನೊಳಗೆ ಬೀಜವಿಲ್ಲ. ಬೀಜ ಆಗಲೇ ಮೊಳೆತಿದೆ, ತೂಗುತ್ತಿರುವುದು ಸಸಿ. ಹಣ್ಣು ಇನ್ನೂ ತಾಯಿಮರದಲ್ಲಿರುವಾಗಲೇ ಬೀಜ ಮೊಳೆತು ಬೆಳೆಯುವುದಕ್ಕೆ ವಿವಿಪ್ಯಾರಿ ಎಂದು ಹೆಸರು.

ಪದದ ಮೂಲ ಲ್ಯಾಟಿನ್: ‘ವಿವುಸ್’ ಎಂದರೆ ಜೀವಂತ, ‘ಪರೆರೆ’ ಎಂದರೆ ಹೆರುವುದು. ಪ್ರಾಣಿಗಳು ಮೊಟ್ಟೆಯಿಡದೆ ಮರಿ ಹಾಕುವುದಕ್ಕೂ ಇದೇ ಪದ. ಕನ್ನಡದಲ್ಲಿ ಅಂಥವನ್ನು ಜರಾಯುಜ ಎನ್ನುತ್ತೇವೆ. ಜರಾಯು ಎಂದರೆ ಗರ್ಭದ ಪೊರೆ. ಹಳೆಯ ವಿಂಗಡಣೆಯಲ್ಲಿ ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕು ಬಗೆ. ಗಿಡಮರಗಳು ನೆಲ ಸೀಳಿ ಬರುವ ಉದ್ಭಿಜ್ಜಗಳು. ಕಾಂಡ್ಲಾ ಸಸಿಯಾದರೋ ಹಣ್ಣನ್ನೇ ಸೀಳಿ ಹೊರಬರುತ್ತದೆ. ಹಾಗೆಂದು ಅದನ್ನು ಜರಾಯುಜ ಎಂದು ಕರೆಯುವುದು ಚಿತ್ರಕಾರರಿಗೆ ಒಳ್ಳೆಯದಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಆ ಪದ ಕೇಳಿದ ಕೂಡಲೇ ಕೈ ಹೊಕ್ಕುಳಬಳ್ಳಿ ಬರೆಯಲು ಹೊರಡುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಬಲೆಗೆ ಬೀಳುವ ಸಣ್ಣ ಶಾರ್ಕ್ ಸ್ಕೋಲಿಯೊಡಾನ್‌ನ ಮರಿಗೆ ಹೊಕ್ಕುಳಬಳ್ಳಿ ಉಂಟು. ಕಾಂಡ್ಲಾ ಸಸಿಗೆ ಅಂಥದ್ದಿಲ್ಲ. ಹಣ್ಣಿನೊಳಗೇ ಉಳಿದ ಬೀಜದಳದ ಮೂಲಕ ಅದಕ್ಕೆ ತಾಯಿಮರದಿಂದ ನೀರು, ಆಹಾರ ಸಿಗುತ್ತದೆ.

ಬರೆಯಲು ಕುಳಿತವರು ರೈಜೋಫೊರಾ ಮ್ಯುಕ್ರೊನಾಟಾವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಊರುಗೋಲಿನಂತೆ ಕಮಾನು ಬಾಗಿದ ಬೇರುಗಳ ಮರ ಅದು. ಹೂವಿಗೆ ದಪ್ಪನೆಯ ಪುಷ್ಪಪತ್ರ 4, ಅಂಚಿನಲ್ಲಿ ರೋಮವಿರುವ ಬಿಳಿ ದಳ 4, ಕೇಸರ 8. ಅಂಡಾಶಯದಲ್ಲಿ ಅಂಡಕಗಳು 4 ಇದ್ದರೂ ಸಾಮಾನ್ಯವಾಗಿ ಒಂದೇ ಬಲಿಯುತ್ತದೆ. ಹಾಗಾಗಿ ಒಂದು ಹಣ್ಣಿಗೆ ಒಂದೇ ಕೋಲು. ಎರಡು ಇಳಿದಿರುವುದು ಅಪರೂಪ. ಹಣ್ಣು ಕಂದು ಬಣ್ಣದ್ದು, 5ರಿಂದ 7 ಸೆಂ.ಮೀ. ಉದ್ದ. ಮೇಲ್ಗಡೆ 4 ಪುಷ್ಪಪತ್ರಗಳು ಹಿಂದಕ್ಕೆ ಮಡಚಿಕೊಂಡು ಉಳಿದಿರುತ್ತವೆ. ಇತರ ಬೀಜಗಳಂತೆ ಒಣಗಿ ನಿದ್ದೆಗೆ ಜಾರುವ ಹಂತವೇ ಇಲ್ಲಿಲ್ಲ. ಭ್ರೂಣ ಬೆಳೆಯುತ್ತಲೇ ಹೋಗಿ ಹಣ್ಣಿನ ತುದಿಯನ್ನು ತೂರಿ ಕೆಳಗೆ ಇಳಿಯುತ್ತದೆ. ಇಳಿದ ಭಾಗಕ್ಕೆ ಹೈಪೊಕಾಟಿಲ್ ಎನ್ನುತ್ತಾರೆ, ಅಂದರೆ ಬೀಜದಳದ ಕೆಳಗಿನ ಕಾಂಡ. ಅದು ತಿಂಗಳುಗಟ್ಟಲೆ ಬೆಳೆದು ಅರ್ಧ ಮೀಟರ್ ದಾಟುವುದೂ ಇದೆ. ಮೈಮೇಲೆಲ್ಲ ಗಾಳಿಯಾಡುವ ಸಣ್ಣ ಗುಳ್ಳೆಗಳು. ಇವನ್ನು ಬಿಟ್ಟು ನುಣ್ಣಗೆ ಬರೆದರೆ ಕೋಲು ಪ್ಲಾಸ್ಟಿಕ್ಕಿನದಾಗುತ್ತದೆ.

ಬಲಿತಾಗ ಹಣ್ಣಿಗೂ ಕೋಲಿಗೂ ನಡುವೆ ಹಳದಿ ಕೊರಳೊಂದು ಕಾಣಿಸುತ್ತದೆ. ಅದು ಕೊಳವೆಯಾಗಿ ಕೂಡಿಕೊಂಡ ಬೀಜದಳ. ಕೊರಳಿನ ತುದಿಯಲ್ಲಿ ಸಸಿ ಕಳಚಿಕೊಳ್ಳುತ್ತದೆ, ಹಣ್ಣೂ ಬೀಜದಳವೂ ಮರದಲ್ಲೇ ಉಳಿಯುತ್ತವೆ. ಚಿತ್ರಗಳು ಎಡವುವುದು ಹೆಚ್ಚಾಗಿ ಇಲ್ಲೇ. ಕೆಸರಿನಲ್ಲಿ ನಿಂತ ಸಸಿಯ ತಲೆಯ ಮೇಲೆ ಕಂದು ಹಣ್ಣಿನ ಟೊಪ್ಪಿಗೆ ಇರಬಾರದು. ಅಲ್ಲಿರಬೇಕಾದದ್ದು ಚೂಪಾದ ಚಿಗುರುಮೊಗ್ಗು. ಮರದಲ್ಲಿ ತೂಗುವಾಗ ಆ ಮೊಗ್ಗು ಕೊರಳಿನೊಳಗೆ ಅಡಗಿರುತ್ತದೆ, ಆದ್ದರಿಂದ ತೂಗುವ ಸಸಿಗೆ ಎಲೆ ಬರೆಯುವುದೂ ತಪ್ಪು. ಕೋಲು ದಪ್ಪವಾಗಿರುವುದು ಕೆಳತುದಿಯ ಹತ್ತಿರ, ಆಮೇಲೆ ಚೂಪಾಗುತ್ತದೆ. ಬೇರು ಬರುವುದು ಆ ತುದಿಯಿಂದ. ಇದನ್ನು ತಲೆಕೆಳಗು ಮಾಡಿದ ಚಿತ್ರ ನೋಡಿ ಯಾರಾದರೂ ಗಿಡ ನೆಟ್ಟರೆ ಚಿಗುರು ಕೆಸರಿನಲ್ಲಿ ಹೂತುಹೋಗುತ್ತದೆ. ಇನ್ನು, ಬಿದ್ದ ಸಸಿಗಳೆಲ್ಲ ಭರ್ಜಿಯಂತೆ ನೆಟ್ಟಗೆ ನಾಟಿಕೊಳ್ಳುವುದಿಲ್ಲ. ಭರತದ ಹೊತ್ತಿನಲ್ಲಿ ಬಿದ್ದವು ತೇಲಿ ಹೋಗಿ ಎಲ್ಲೋ ದಡಕ್ಕೆ ಹತ್ತಿ, ಮಲಗಿದಲ್ಲೇ ಬೇರು ಬಿಟ್ಟು ಆಮೇಲೆ ಎದ್ದು ನಿಲ್ಲುವುದೂ ಉಂಟು.

ಮಾದರಿಗೆ ಮಳೆಗಾಲದಲ್ಲಿ, ಇಳಿತದ ಹೊತ್ತು ನೋಡಿಕೊಂಡು ಹೋಗುವುದು ಒಳ್ಳೆಯದು. ಮರದಿಂದ ಕೀಳಬೇಡಿ, ಬಿದ್ದದ್ದು ಸಾಕು. ಅದಕ್ಕೂ ಅರಣ್ಯ ಇಲಾಖೆಯನ್ನು ಕೇಳಿಕೊಳ್ಳಿ. ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಬ್ಲೇಡಿನಿಂದ ಉದ್ದಕ್ಕೆ ಸೀಳುವ ಮೊದಲೇ ಬಣ್ಣ ಕಲಸಿಟ್ಟುಕೊಳ್ಳಿ. ಕಾಂಡ್ಲಾದಲ್ಲಿ ಟ್ಯಾನಿನ್ ಹೆಚ್ಚು, ಕೊಯ್ದ ಮುಖ ಬೇಗ ಕಂದಾಗುತ್ತದೆ. 10 ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ಚಿಗುರುಮೊಗ್ಗು ಚೆನ್ನಾಗಿ ಕಾಣುತ್ತದೆ. 50 ಸೆಂ.ಮೀ. ಸಸಿ ಎ4 ಹಾಳೆಯಲ್ಲಿ ಹಿಡಿಸುವುದಿಲ್ಲ. ಅರ್ಧ ಅಳತೆಗೆ ಇಳಿಸಿದರೆ 25 ಸೆಂ.ಮೀ. ಪಕ್ಕದಲ್ಲಿ 5 ಸೆಂ.ಮೀ. ಗೆರೆ ಎಳೆದು ‘10 ಸೆಂ.ಮೀ.’ ಎಂದು ಬರೆಯಿರಿ. ಅಳತೆಗೆರೆಯಿಲ್ಲದ ಚಿತ್ರ ಎಷ್ಟೇ ಚೆಂದವಿದ್ದರೂ ಜೀವಶಾಸ್ತ್ರದವರ ಕೆಲಸಕ್ಕೆ ಬಾರದು.

ಎಲ್ಲ ಕಾಂಡ್ಲಾಗಳೂ ಹೀಗೆ ಹೆರುವುದಿಲ್ಲ. ಅವಿಸೆನಿಯಾದಲ್ಲಿ ಮೊಳಕೆ ಬೀಜದ ಸಿಪ್ಪೆ ದಾಟುತ್ತದೆ, ಹಣ್ಣಿನ ಸಿಪ್ಪೆ ದಾಟುವುದಿಲ್ಲ. ಇದು ಗುಪ್ತ ವಿವಿಪ್ಯಾರಿ. ಹೊರಗಿನಿಂದ ಚಪ್ಪಟೆ ಕಾಯಿ, ಬಿಡಿಸಿದರೆ ಮಡಚಿಟ್ಟ ಎರಡು ದಪ್ಪ ಬೀಜದಳ. ಸೊನರೇಷಿಯಾದ ನಕ್ಷತ್ರದಂಥ ಬುಡವಿರುವ ದುಂಡುಕಾಯಿಯಲ್ಲಿ ಬರೀ ಬೀಜಗಳು, ಅಲ್ಲಿ ವಿವಿಪ್ಯಾರಿ ಇಲ್ಲ. ಅಳಿವೆ ಬಿಟ್ಟು ಶಿರಸಿಯ ಹಿತ್ತಲಿಗೆ ಬಂದರೆ ಸೀಮೆಬದನೆಯಲ್ಲಿ ಇದನ್ನು ನೋಡಬಹುದು: ಬಳ್ಳಿಯಲ್ಲಿರುವ ಕಾಯಿಯಿಂದಲೇ ಮೊಳಕೆ ಇಣುಕುತ್ತದೆ. ಕಾಡುಬಸಳೆಯ ಎಲೆಯಂಚಿನಲ್ಲಿ ಹುಟ್ಟುವ ಮರಿಗಿಡವನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಅದಕ್ಕೆ ಹೂವೂ ಬೇಡ, ಬೀಜವೂ ಬೇಡ. ಅದು ತಾಯಿಗಿಡದ್ದೇ ತುಂಡು.