ಎಡಚ ಪಿಚರ್‌ನ ಚೆಂಡು ಹುಟ್ಟಿನಿಂದಲೇ ತಿರುಗುತ್ತದೆಯೇ?

ಪ್ರಶ್ನೆ: ನಮ್ಮ ಹುಡುಗ ಎಡಚ. ಎಡಗೈಯಲ್ಲಿ ಎಸೆದರೆ ಚೆಂಡು ತಾನಾಗಿಯೇ ತಿರುಗುತ್ತದೆ, ಹಾಗಾಗಿ ಬೇಸ್‌ಬಾಲ್‌ನಲ್ಲಿ ಎಡಗೈ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವನಿಗೆ, ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್ ಸುಲಭ ಅಂತ ಎಲ್ಲರೂ ಹೇಳ್ತಾರೆ. ಹಾಗಿದ್ದರೆ ಅವರೂ ನಾಲ್ಕೈದು ವರ್ಷ ಅದರ ಕೆಳಗಿನ ಮೈನರ್ ಲೀಗ್‌ನಲ್ಲೇ ಯಾಕೆ ಇರ್ತಾರೆ?

ಮಕ್ಕಳ ಲಿಟಲ್ ಲೀಗ್ ಶುರುವಾಗುವ ಹೊತ್ತಿಗೆ ಸರಿಯಾಗಿ ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾದ ಕನ್ನಡ ಮನೆಗಳಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಮಾತು ಸ್ವಲ್ಪ ಹಿಂದೆಮುಂದೆ ಆಗಬಹುದು, ‘ತಾನಾಗಿಯೇ ತಿರುಗುತ್ತದೆ’ ಅನ್ನುವುದು ಮಾತ್ರ ತಪ್ಪುವುದಿಲ್ಲ. ಉತ್ತರ ಚಿಕ್ಕದು. ಎಡಗೈ ಪಿಚರ್‌ನ ನಿತ್ಯದ ಕೆಲಸ ಬಲಗೈ ಬ್ಯಾಟರ್‌ಗಳನ್ನು ಔಟ್ ಮಾಡುವುದು. ಆ ವಿದ್ಯೆ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ಅದನ್ನು ಕಲಿಯುವುದಕ್ಕೇ ಅಷ್ಟು ವರ್ಷ ಹಿಡಿಯುತ್ತದೆ. ಆದರೆ ಮೊದಲು ಆ ‘ತಾನಾಗಿಯೇ’ಯನ್ನು ವಿಚಾರಿಸಿಕೊಳ್ಳೋಣ. ಅದಿರುವ ತನಕ ಉಳಿದದ್ದು ತಲೆಗೆ ಹೋಗುವುದಿಲ್ಲ.

ಗಾಳಿಯಲ್ಲಿ ಚೆಂಡು ಬಾಗುವುದು ಅದು ಸುತ್ತುವುದರಿಂದ. ಎಷ್ಟು ವೇಗದಲ್ಲಿ ಬರುತ್ತಿದೆ, ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತಿದೆ, ಯಾವ ಅಕ್ಷದ ಮೇಲೆ ಸುತ್ತುತ್ತಿದೆ, ಹೊಲಿಗೆ ಎಲ್ಲಿದೆ: ಗಾಳಿ ಕೇಳುವುದು ಇಷ್ಟನ್ನೇ. ಎಸೆದ ಕೈ ಯಾವುದೆಂದು ಅದು ಕೇಳುವುದಿಲ್ಲ. ಸುತ್ತಿನ ದಿಕ್ಕನ್ನು ಕೋಚ್‌ಗಳು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹೇಳುತ್ತಾರೆ. ಪಿಚರ್ ನಿಂತ ಕಡೆಯಿಂದ ನೋಡಿದರೆ ಬಲಗೈಯವನ ಸಾಮಾನ್ಯ ಫಾಸ್ಟ್‌ಬಾಲ್ (ಜೋರಾದ ಎಸೆತ) 1 ಗಂಟೆಯ ಕಡೆಗೆ, ಎಡಗೈಯವನದು 11 ಗಂಟೆಯ ಕಡೆಗೆ. ಕನ್ನಡಿ ಹಿಡಿದರೆ ಒಂದು ಇನ್ನೊಂದಾಗುತ್ತದೆ, ಅಷ್ಟೇ. ಇಬ್ಬರೂ ಗಂಟೆಗೆ 92 ಮೈಲಿ ವೇಗದಲ್ಲಿ, ನಿಮಿಷಕ್ಕೆ 2,300 ಸುತ್ತಿನಂತೆ, ಕನ್ನಡಿ ಬಿಂಬದ ಅಕ್ಷದಲ್ಲಿ ಎಸೆದರೆ ಚೆಂಡು ಎಷ್ಟು ಇಂಚು ಎಡಕ್ಕೆ ಹೋಗುತ್ತದೋ ಅಷ್ಟೇ ಇಂಚು ಬಲಕ್ಕೆ ಹೋಗುತ್ತದೆ. ಎಡಗೈಯವನಿಗೆ ಸಿಗುವ ಹೆಚ್ಚುವರಿ ತಿರುವು ಅಕ್ಷರಶಃ ಕನ್ನಡಿಯೊಳಗಿನ ಗಂಟು. ನಂಬಿಕೆಯಿಲ್ಲದಿದ್ದರೆ ಚೆಂಡಿನ ಸುತ್ತು, ವೇಗ ಅಳೆಯುವ ರ‍್ಯಾಪ್ಸೋಡೋ ಅಥವಾ ಟ್ರ್ಯಾಕ್‌ಮ್ಯಾನ್ ಇರುವ ಯಾವ ಅಕಾಡೆಮಿಗಾದರೂ ಹೋಗಿ ಇಬ್ಬರು ಹುಡುಗರ ಅಂಕಿ ಪಕ್ಕಪಕ್ಕ ಇಟ್ಟು ನೋಡಿ.

ಮತ್ತೆ ಕಣ್ಣಿಗೆ ಹಾಗೆ ಕಾಣುತ್ತದಲ್ಲ ಅನ್ನುತ್ತೀರಿ. ಕಾಣುತ್ತದೆ, ಸರಿ. ಕಾರಣಗಳನ್ನು ಒಂದೊಂದಾಗಿ ಬಿಡಿಸುತ್ತೇನೆ.

ಮೊದಲನೆಯದು ಕೋನ ಮತ್ತು ತಿರುವಿನ ಗೊಂದಲ. ಕ್ರಿಕೆಟ್ ನೋಡಿ ಬೆಳೆದ ನಮಗೇ ಇದು ಚೆನ್ನಾಗಿ ಗೊತ್ತಿರಬೇಕಿತ್ತು. ಜಹೀರ್ ಖಾನ್ ಆಗಲಿ, ನಮ್ಮ ಎಸ್. ಅರವಿಂದ್ ಆಗಲಿ, ಓವರ್ ದಿ ವಿಕೆಟ್ ಬಂದು ಬಲಗೈ ಬ್ಯಾಟರ್‌ಗೆ ಎಸೆದ ಚೆಂಡು ಅಡ್ಡಲಾಗಿ ಹೋಗುವುದು ಕೋನದಿಂದ, ಅದು ಒಳಕ್ಕೆ ಬಂದರೆ ಸ್ವಿಂಗ್. ಎರಡನ್ನೂ ಯಾರೂ ಒಂದೇ ಎನ್ನುವುದಿಲ್ಲ. ಬೇಸ್‌ಬಾಲ್‌ನಲ್ಲೂ ಅಷ್ಟೇ. ಎಡಗೈಯವನ ಕೈಯಿಂದ ಚೆಂಡು ಬಿಡುಗಡೆಯಾಗುವುದು ನಡುಗೆರೆಯಿಂದ ಎರಡು ಎರಡೂವರೆ ಅಡಿ ಆಚೆ, ಫಸ್ಟ್ ಬೇಸ್ (ಬ್ಯಾಟರ್ ಓಡಿ ಮುಟ್ಟುವ ಮೊದಲ ಠಾಣೆ) ಕಡೆಯಿಂದ. ತಲುಪಬೇಕಾದ ಪ್ಲೇಟ್‌ನ, ಅಂದರೆ ಬ್ಯಾಟರ್ ಪಕ್ಕದಲ್ಲಿ ನೆಲಕ್ಕೆ ಹಾಕಿದ ಹಲಗೆಯ, ಅಗಲ 17 ಇಂಚು. ಚೆಂಡು ನೇರ ಗೆರೆಯಲ್ಲೇ ಬಂದರೂ ಓರೆಯಾಗಿ ಬಂದಂತೆ ಕಾಣುತ್ತದೆ.

ಎರಡನೆಯದು ಅಭ್ಯಾಸ. ಚೆಂಡು ಪ್ಲೇಟ್ ತಲುಪಲು ಹಿಡಿಯುವುದು ಹೆಚ್ಚುಕಡಿಮೆ 0.4 ಸೆಕೆಂಡ್. ಅಷ್ಟರಲ್ಲಿ ಬ್ಯಾಟರ್ ಲೆಕ್ಕ ಹಾಕುತ್ತ ಕೂರುವುದಿಲ್ಲ, ಹಿಂದೆ ನೋಡಿದ ಸಾವಿರಾರು ಚೆಂಡುಗಳ ನೆನಪಿನ ಮೇಲೆ ಬ್ಯಾಟ್ ಬೀಸುತ್ತಾನೆ. ಜನಸಂಖ್ಯೆಯಲ್ಲಿ ಎಡಚರು ಹತ್ತಕ್ಕೊಬ್ಬರು. ಮೇಜರ್ ಲೀಗ್ ಪಿಚರ್‌ಗಳಲ್ಲಿ ಸುಮಾರು ಕಾಲು ಭಾಗ ಇದ್ದರೂ, ಶಾಲೆಯ ದಿನಗಳಿಂದ ಬ್ಯಾಟರ್ ಎದುರಿಸಿದವರಲ್ಲಿ ಬಲಗೈಯವರೇ ಜಾಸ್ತಿ. ಅಪರೂಪದ್ದು ವಿಚಿತ್ರವಾಗಿ ಕಾಣುತ್ತದೆ.

ಮೂರನೆಯದು ಸೋಸುವಿಕೆ. ನನ್ನ ಪ್ರಕಾರ ಮಿಥ್ಯೆಯ ನಿಜವಾದ ಬೇರು ಇರುವುದು ಇಲ್ಲಿ. ಗಂಟೆಗೆ 88 ಮೈಲಿ ಎಸೆಯುವ ಬಲಗೈ ಹುಡುಗನನ್ನು ಇವತ್ತು ಪ್ರತಿಭೆ ಹುಡುಕುವ ಯಾವ ಸ್ಕೌಟ್ ಕೂಡ ಎರಡನೇ ಸಲ ನೋಡುವುದಿಲ್ಲ. ಅಷ್ಟೇ ವೇಗದ ಎಡಗೈ ಹುಡುಗನನ್ನು ನೋಡುತ್ತಾನೆ, ಆದರೆ ಅವನ ಚೆಂಡು ಚೆನ್ನಾಗಿ ಬಾಗುತ್ತಿದ್ದರೆ ಮಾತ್ರ ಸಹಿ ಹಾಕಿಸಿಕೊಳ್ಳುತ್ತಾನೆ. ಬಾಗದ 88ರ ಎಡಚರು ಹೈಸ್ಕೂಲಿನಲ್ಲೇ ಉಳಿದುಹೋದರು, ನಿಮ್ಮ ಟಿವಿಗೆ ಬರಲೇ ಇಲ್ಲ. ಒಟ್ಟಾರೆ ಎಡಗೈಯವರ ಸರಾಸರಿ ವೇಗ ಬಲಗೈಯವರಿಗಿಂತ ಒಂದೆರಡು ಮೈಲಿ ಕಡಿಮೆ ಇರುವುದಕ್ಕೂ ಇದೇ ಕಾರಣ. ಜರಡಿಯಲ್ಲಿ ಉಳಿದ ಕಾಳನ್ನಷ್ಟೇ ನೋಡಿ, ಹೊಲದಲ್ಲಿ ಬೆಳೆದದ್ದೆಲ್ಲ ದಪ್ಪಕಾಳೇ ಎಂದಂತಾಯಿತು.

ಇನ್ನೊಂದಿದೆ, ಇದನ್ನು ಹೇಳಿದರೆ ಎಲ್ಲರೂ ಹುಬ್ಬೇರಿಸುತ್ತಾರೆ. ಟಿವಿಯ ಸೆಂಟರ್‌ಫೀಲ್ಡ್ ಕ್ಯಾಮೆರಾ ಸಾಮಾನ್ಯವಾಗಿ ನಟ್ಟನಡುವೆ ಇರುವುದಿಲ್ಲ, ಲೆಫ್ಟ್‌ಫೀಲ್ಡ್ ಕಡೆಗೆ ಸರಿದಿರುತ್ತದೆ. ನಡುವೆ ಇಟ್ಟರೆ ಪಿಚರ್‌ನ ಬೆನ್ನು ಪ್ಲೇಟ್‌ಗೆ ಅಡ್ಡ ಬರುತ್ತದೆ. ಹೀಗೆ ಓರೆಯಿಂದ ನೋಡುವಾಗ ಪ್ರತಿ ಚೆಂಡೂ ಪರದೆಯ ಮೇಲೆ ಎಡದಿಂದ ಬಲಕ್ಕೆ ಹೋದಂತೆ ಕಾಣುತ್ತದೆ. ಎಡಗೈಯವನ ಸ್ಲೈಡರ್ (ಪಕ್ಕಕ್ಕೆ ಜಾರುವ ಎಸೆತ) ಬಾಗುವುದೂ ಅದೇ ದಿಕ್ಕಿಗೆ. ಎರಡೂ ಕೂಡಿ ಅದು ಪರದೆ ದಾಟಿ ಹೋಗುವಂತೆ ತೋರುತ್ತದೆ. ಬಲಗೈಯವನ ಸ್ಲೈಡರ್ ಎದುರು ದಿಕ್ಕಿಗೆ ಬಾಗುವುದರಿಂದ ಒಂದನ್ನೊಂದು ಕಳೆದುಕೊಂಡು ಚಪ್ಪಟೆಯಾಗಿ ಕಾಣುತ್ತದೆ. ಕ್ಯಾಮೆರಾದ ಪುಣ್ಯವನ್ನು ಕೈಗೆ ಕೊಡುತ್ತಿದ್ದೇವೆ.

ಮಿಥ್ಯೆಯ ಕತೆ ಮುಗಿಯಿತು. ಈಗ ನಿಜವಾದ ಕಷ್ಟಕ್ಕೆ ಬರೋಣ.

ಎಡಗೈ ಪಿಚರ್‌ಗೆ ಎಡಗೈ ಬ್ಯಾಟರ್ ಸಿಕ್ಕಿದರೆ ಅನುಕೂಲ, ಸ್ಲೈಡರ್ ಅವನಿಂದ ದೂರ ಓಡುತ್ತದೆ. ಆದರೆ ಎದುರಾಳಿ ಮ್ಯಾನೇಜರ್ ಸುಮ್ಮನೆ ಕೂರುತ್ತಾನೆಯೇ? ಎಡಗೈ ಸ್ಟಾರ್ಟರ್ (ಪಂದ್ಯ ಶುರುಮಾಡುವ ಪಿಚರ್) ಇದ್ದಾನೆಂದು ತಿಳಿದ ದಿನ ಬಲಗೈಯವರನ್ನೂ ಎರಡೂ ಕಡೆ ಆಡಬಲ್ಲವರನ್ನೂ ಸಾಲಾಗಿ ಇಳಿಸುತ್ತಾನೆ. ಹತ್ತು ಬ್ಯಾಟರ್‌ಗಳಲ್ಲಿ ಏಳರಷ್ಟು ಜನ ಬಲಗೈಯವರೇ ಆಗಿಬಿಡುತ್ತಾರೆ. ಅವರಿಗೆ ಎಡಗೈಯವನ ಚೆಂಡು ಮೊದಲಿನಿಂದಲೇ ಸ್ಪಷ್ಟವಾಗಿ ಕಾಣುತ್ತದೆ, ಸ್ಲೈಡರ್ ಅವರ ಬ್ಯಾಟಿನ ಕಡೆಗೇ ಬರುತ್ತದೆ. ಎಡಗೈಯವನ ‘ಅನುಕೂಲ’ ಅವನಿಗೆ ಸಿಗುವುದು ಕೆಲಸದ ಮೂರನೇ ಒಂದು ಭಾಗದಲ್ಲಿ ಮಾತ್ರ.

ಹಾಗಾಗಿ ಮೈನರ್ ಲೀಗ್‌ನ ಕೆಳಹಂತಗಳಲ್ಲೊಂದಾದ ಸಿಂಗಲ್-ಎ (ಅದರ ಮೇಲೆ ಡಬಲ್-ಎ, ಟ್ರಿಪಲ್-ಎ) ತಲುಪಿದ ಎಡಗೈ ಪ್ರಾಸ್ಪೆಕ್ಟ್‌ಗೆ, ಅಂದರೆ ಭರವಸೆಯ ಹುಡುಗನಿಗೆ, ಕೋಚ್ ಮೊದಲು ಕಲಿಸುವುದು ಚೇಂಜ್‌ಅಪ್ ಎಂಬ ನಿಧಾನದ ಎಸೆತ. ಫಾಸ್ಟ್‌ಬಾಲ್‌ಗಿಂತ ಗಂಟೆಗೆ 8ರಿಂದ 10 ಮೈಲಿ ನಿಧಾನ, ಬಲಗೈ ಬ್ಯಾಟರ್‌ನಿಂದ ದೂರಕ್ಕೆ ಇಳಿಯಬೇಕು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ಚೆಂಡನ್ನು ಉಳಿದ ಮೂರು ಬೆರಳುಗಳ ಮೇಲೆ ಕೂರಿಸುವುದು ಬಹುಪಾಲು ಜನರ ಹಿಡಿತ. ಹಿಡಿತ ಕಲಿಯಲು ಒಂದು ಮಧ್ಯಾಹ್ನ ಸಾಕು. ತೋಳಿನ ವೇಗ ತಗ್ಗಿಸದೆ ಎಸೆಯಲು ಎರಡು ಸೀಸನ್ ಬೇಕು. ಚೆಂಡು ನಿಧಾನ ಹೋಗಬೇಕೆಂದು ಹುಡುಗ ತೋಳನ್ನೇ ನಿಧಾನ ಮಾಡುತ್ತಾನೆ. ಡಬಲ್-ಎ ಬ್ಯಾಟರ್ ಅದನ್ನು ಹಿಡಿದುಬಿಡುತ್ತಾನೆ, ಚೆಂಡು ಬೇಲಿ ದಾಟುತ್ತದೆ. ಇನ್ನು ಕೆಲವರು ಅದನ್ನು ಫಾಸ್ಟ್‌ಬಾಲ್‌ನಷ್ಟೇ ಜೋರಾಗಿ ಎಸೆಯುತ್ತಾರೆ. ವೇಗದ ಅಂತರ ನಾಲ್ಕೈದು ಮೈಲಿಗೆ ಇಳಿದು, ಚೆಂಡು ಬಾಗದೇ ಇದ್ದರೆ, ಅದು ಬರೀ ಕೆಟ್ಟ ಫಾಸ್ಟ್‌ಬಾಲ್.

ಎರಡನೆಯ ಪಾಠ ಒಳಬದಿ. ಬಲಗೈ ಬ್ಯಾಟರ್‌ನ ಮುಷ್ಟಿಯ ಹತ್ತಿರಕ್ಕೆ ಕಟರ್ (ಕೊನೆಯಲ್ಲಿ ಸ್ವಲ್ಪವೇ ಬಾಗುವ ಫಾಸ್ಟ್‌ಬಾಲ್), ಹಿಂಗಾಲಿನ ಹತ್ತಿರಕ್ಕೆ ಸ್ಲೈಡರ್. ಇದು ಬರದಿದ್ದರೆ ಬ್ಯಾಟರ್ ಹೊರಬದಿಗೆ ಬಾಗಿ ನಿಂತು ಚೇಂಜ್‌ಅಪ್‌ಗೆ ಕಾಯುತ್ತಾನೆ. ಇಲ್ಲಿ ಕೆಡುವುದು ಹೆಚ್ಚಾಗಿ ಕಾಲಿನಿಂದ. ಎಡಚರಲ್ಲಿ ಅನೇಕರು ಮುಂಗಾಲನ್ನು, ಅಂದರೆ ಬಲಗಾಲನ್ನು, ನೇರ ಗೆರೆಯಿಂದ ಫಸ್ಟ್ ಬೇಸ್ ಕಡೆಗೆ ಅಡ್ಡವಾಗಿ ಊರುತ್ತಾರೆ. ಎಡಗೈ ಬ್ಯಾಟರ್‌ಗೆ ಇದು ಭಯಂಕರ, ಚೆಂಡು ಬೆನ್ನ ಹಿಂದಿನಿಂದ ಬಂದಂತಿರುತ್ತದೆ. ಆದರೆ ಬಲಗೈಯವನ ಒಳಬದಿಗೆ ಎಸೆಯಬೇಕಾದರೆ ತನ್ನದೇ ಸೊಂಟವನ್ನು ಸುತ್ತಿಕೊಂಡು ಎಸೆಯಬೇಕಾಗುತ್ತದೆ. ಸೊಂಟ ತಿರುಗಲು ಜಾಗವಿಲ್ಲದೆ ಚೆಂಡು ಪ್ಲೇಟ್‌ನ ನಡುವೆಯೇ ಉಳಿಯುತ್ತದೆ. ಕೋಚ್‌ಗಳು ಪಿಚರ್‌ಗಳ ಅಭ್ಯಾಸದ ಜಾಗವಾದ ಬುಲ್‌ಪೆನ್‌ನಲ್ಲಿ ರಬ್ಬರ್‌ನಿಂದ (ಪಿಚರ್ ಕಾಲೂರುವ ಪಟ್ಟಿಯಿಂದ) ಪ್ಲೇಟ್ ಕಡೆಗೆ ನೇರ ಗೆರೆ ಎಳೆದು ಹೆಜ್ಜೆ ಎಷ್ಟು ಇಂಚು ಆಚೆ ಬೀಳುತ್ತಿದೆ ಎಂದು ಅಳೆಯುತ್ತಾರೆ. 24 ಇಂಚು ಉದ್ದದ ರಬ್ಬರ್‌ನ ಮೇಲೆ ನಿಲ್ಲುವ ಜಾಗವನ್ನೂ ಸ್ವಲ್ಪಸ್ವಲ್ಪ ಸರಿಸಿ ನೋಡುತ್ತಾರೆ. ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿದರೆ ಹುಡುಗ ಸ್ಟ್ರೈಕ್, ಅಂದರೆ ಗುರಿಯೊಳಗಿನ ಚೆಂಡು, ಎಸೆಯುವುದನ್ನೇ ಮರೆಯುತ್ತಾನೆ.

ಕಾಲಿನ ಮಾತು ಬಂದ ಮೇಲೆ ರ‍್ಯಾಂಡಿ ಜಾನ್ಸನ್ ಹೆಸರು ಬಾರದೆ ಇರುವುದಿಲ್ಲ. 6 ಅಡಿ 10 ಇಂಚಿನ ಎಡಚ. 1985ರ ಡ್ರಾಫ್ಟ್‌ನಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ಆರಿಸಿಕೊಂಡಿತು, ಮೇಜರ್ ಲೀಗ್ ತಲುಪಿದ್ದು 1988ರ ಸೆಪ್ಟೆಂಬರ್‌ನಲ್ಲಿ, 25ನೇ ವಯಸ್ಸಿಗೆ. ಅಲ್ಲಿಗೂ ಪಳಗಿರಲಿಲ್ಲ. 1991ರಲ್ಲಿ 152 ವಾಕ್ (ಗುರಿ ತಪ್ಪಿದ ನಾಲ್ಕು ಚೆಂಡಿಗೆ ಬ್ಯಾಟರ್‌ಗೆ ಪುಕ್ಕಟೆ ಫಸ್ಟ್ ಬೇಸ್), 1992ರಲ್ಲಿ 144. ಆಗ ಟೆಕ್ಸಸ್ ರೇಂಜರ್ಸ್‌ನ ಕೋಚ್ ಆಗಿದ್ದ ಟಾಮ್ ಹೌಸ್ ಮತ್ತು ಪಿಚರ್ ನೋಲನ್ ರಯನ್, ಎದುರಾಳಿ ತಂಡದವರಾಗಿದ್ದೂ, ಒಂದು ಮಾತು ಹೇಳಿಕೊಟ್ಟರು: ಮುಂಗಾಲನ್ನು ಹಿಮ್ಮಡಿಯ ಮೇಲೆ ಊರುತ್ತಿದ್ದೀಯ, ಅದರಿಂದ ಮೈ ಗೆರೆ ತಪ್ಪುತ್ತಿದೆ, ಅಂಗಾಲಿನ ಮುಂಭಾಗದ ಮೇಲೆ ಊರು. 1993ರಲ್ಲಿ ವಾಕ್ 99ಕ್ಕೆ ಇಳಿಯಿತು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) 308ಕ್ಕೆ ಏರಿತು. ಆಮೇಲೆ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ, ಐದು ಸಲ. ಇದಕ್ಕೆಲ್ಲ ‘ತಾನಾಗಿಯೇ’ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಅದೇ ಟಾಮ್ ಹೌಸ್, ಸ್ವತಃ ಎಡಗೈ ಪಿಚರ್ ಆಗಿದ್ದವರು, 2008ರಲ್ಲಿ ಭಾರತದ ಇಬ್ಬರು ಹುಡುಗರಿಗೆ ತರಬೇತಿ ಕೊಟ್ಟರು. ಒಬ್ಬರು ಉತ್ತರ ಪ್ರದೇಶದ ಭದೋಹಿ ಜಿಲ್ಲೆಯ ಎಡಚ ರಿಂಕು ಸಿಂಗ್. ಕೋಲ್ಕತ್ತ ನೈಟ್ ರೈಡರ್ಸ್‌ನ ರಿಂಕು ಸಿಂಗ್ ಅಲ್ಲ, ದಯವಿಟ್ಟು ಆ ಪ್ರಶ್ನೆಯನ್ನೂ ಕೇಳಬೇಡಿ. ಇವರು ಜಾವೆಲಿನ್ ಎಸೆಯುತ್ತಿದ್ದವರು, ಎಸೆತದ ಸ್ಪರ್ಧೆಯಲ್ಲಿ ಗಂಟೆಗೆ 87 ಮೈಲಿ ವೇಗ ಮುಟ್ಟಿ ಗೆದ್ದವರು. ಪಿಟ್ಸ್‌ಬರ್ಗ್ ಪೈರೇಟ್ಸ್ ಸಹಿ ಹಾಕಿಸಿಕೊಂಡಿತು. ಕೆಳಗಿನ ರೂಕಿ ಹಂತದಿಂದ ಶುರುಮಾಡಿ ಸಿಂಗಲ್-ಎ ತಂಡ ವೆಸ್ಟ್ ವರ್ಜೀನಿಯಾ ಪವರ್‌ವರೆಗೆ ಏರಿದರು. ಆಮೇಲೆ ಗಾಯಗಳು ಕಾಡಿದವು, 2018ರಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೊರಳಿದರು. ಇಪ್ಪತ್ತರ ಹೊತ್ತಿಗೆ ಮೊದಲ ಬಾರಿ ಬೇಸ್‌ಬಾಲ್ ಮುಟ್ಟಿದವನು ಆ ಮಟ್ಟದಲ್ಲಿ ಔಟ್ ತೆಗೆದದ್ದು ಸಣ್ಣ ಸಾಧನೆಯಲ್ಲ. ಎಡಗೈಯೊಂದೇ ಸಾಕಾಗಿದ್ದರೆ ಮಾತ್ರ ಅವರು ಪಿಟ್ಸ್‌ಬರ್ಗ್‌ನಲ್ಲೇ ಇರಬೇಕಿತ್ತು.

ಅಂಕಿಅಂಶ ನೋಡುವ ಅಪ್ಪಂದಿರಿಗೆ ಒಂದು ಎಚ್ಚರಿಕೆ. ಸಿಂಗಲ್-ಎಯಲ್ಲಿ ಎಡಗೈ ಪಿಚರ್‌ನ ಇಆರ್‌ಎ (ಒಂಬತ್ತು ಇನಿಂಗ್‌ಗೆ ಕೊಟ್ಟ ಸರಾಸರಿ ರನ್, ಕಡಿಮೆಯಿದ್ದಷ್ಟೂ ಒಳ್ಳೆಯದು) 2.50 ಇದ್ದರೆ ಹಿಗ್ಗಬೇಡಿ. ಅಲ್ಲಿನ ಬ್ಯಾಟರ್‌ಗಳು ನೆಲಕ್ಕೆ ಬೀಳುವ ಸ್ಲೈಡರ್‌ಗೂ ಬ್ಯಾಟ್ ಬೀಸುತ್ತಾರೆ. ಡಬಲ್-ಎಯಲ್ಲಿ ಬೀಸುವುದಿಲ್ಲ, ಪ್ರಾಸ್ಪೆಕ್ಟ್‌ನ ನಿಜಬಣ್ಣ ಗೊತ್ತಾಗುವುದು ಅಲ್ಲೇ. ನೋಡಬೇಕಾದದ್ದು ಬಲಗೈ ಬ್ಯಾಟರ್‌ಗಳ ಎದುರಿನ ಸ್ಟ್ರೈಕ್‌ಔಟ್ ಮತ್ತು ವಾಕ್ ಪ್ರಮಾಣ, ಜೊತೆಗೆ ಆ ಹಂತದಲ್ಲಿ ಅವನ ವಯಸ್ಸು. ಟ್ರಿಪಲ್-ಎಗೆ ಹೋದಾಗ ಚೆಂಡೂ ಬದಲಾಗುತ್ತದೆ. 2019ರಿಂದ ಅಲ್ಲಿ ಮೇಜರ್ ಲೀಗ್‌ನ ಚೆಂಡನ್ನೇ ಬಳಸುತ್ತಾರೆ, ಅದರ ಹೊಲಿಗೆ ಅಷ್ಟು ಉಬ್ಬಿರುವುದಿಲ್ಲ. ಬೆರಳಿಗೆ ಸಿಗುತ್ತಿದ್ದ ಹಿಡಿತ ತಪ್ಪಿ, ಚೆನ್ನಾಗಿದ್ದ ಕರ್ವ್ (ಬಾಗಿ ಇಳಿಯುವ ಎಸೆತ) ಕೆಲವು ವಾರ ಮಂಕಾದರೆ ಗಾಬರಿ ಬೇಡ.

ಮೊದಲು ಎಡಚರಿಗೆ ಒಂದು ಹಿಂಬಾಗಿಲಿತ್ತು. ಸ್ಟಾರ್ಟರ್ ಆಗಲಾಗದಿದ್ದರೆ, ಒಬ್ಬನೇ ಒಬ್ಬ ಎಡಗೈ ಬ್ಯಾಟರ್‌ಗೆ ಎಸೆದು ಹೊರಬರುವ ತಜ್ಞನಾಗಿ ಹತ್ತು ವರ್ಷ ಜೀವನ ಮಾಡಬಹುದಿತ್ತು. 2020ರಲ್ಲಿ ಆ ಬಾಗಿಲು ಮುಚ್ಚಿತು. ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಆ ಅರ್ಧ ಇನಿಂಗ್ ಮುಗಿಯಬೇಕು ಎಂಬ ನಿಯಮ ಬಂತು. ಈಗ ಬಲಗೈಯವರಿಗೆ ಉತ್ತರ ಗೊತ್ತಿಲ್ಲದ ಎಡಗೈಯವನನ್ನು ಮೇಲಕ್ಕೆ ಕರೆಯಲು ಕ್ಲಬ್‌ಗಳು ಹಿಂದೆಮುಂದೆ ನೋಡುತ್ತವೆ. ಹಣದ ಮಾತು ಕೇಳುವವರಿಗೆ: 2023ರ ಒಪ್ಪಂದದ ಪ್ರಕಾರ ವರ್ಷದ ಕನಿಷ್ಠ ಸಂಬಳ ಸಿಂಗಲ್-ಎಯಲ್ಲಿ 26,200 ಡಾಲರ್, ಟ್ರಿಪಲ್-ಎಯಲ್ಲಿ 35,800. ಅದೇ ವರ್ಷ ಮೇಜರ್ ಲೀಗ್‌ನಲ್ಲಿ 7,20,000. ಒಂದು ಚೇಂಜ್‌ಅಪ್‌ಗಾಗಿ ಹುಡುಗರು ಯಾಕೆ ವರ್ಷಗಟ್ಟಲೆ ಬಸ್ಸಿನಲ್ಲಿ ಅಲೆಯುತ್ತಾರೆ ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಮೊಣಕೈಯನ್ನೂ ಗಮನದಲ್ಲಿಡಿ. ಟಾಮಿ ಜಾನ್ ಶಸ್ತ್ರಚಿಕಿತ್ಸೆಗೆ ಹೆಸರು ಬಂದದ್ದೇ ಒಬ್ಬ ಎಡಗೈ ಪಿಚರ್‌ನಿಂದ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರ ಮೊಣಕೈಗೆ ಬೇರೆ ಕಡೆಯ ಸ್ನಾಯುರಜ್ಜು ಕಸಿ ಮಾಡಿದರು, ಆಮೇಲೂ ಅವರು 164 ಪಂದ್ಯ ಗೆದ್ದರು. ಇವತ್ತಿಗೂ ಚೇತರಿಕೆಗೆ 12ರಿಂದ 18 ತಿಂಗಳು. ಮೈನರ್ ಲೀಗ್‌ನ ನಾಲ್ಕೈದು ವರ್ಷಗಳಲ್ಲಿ ಒಂದು ವರ್ಷ ಹೀಗೂ ಹೋಗಬಹುದು.

ಎಡಗೈ ಪಿಚರ್‌ಗೆ ಒಂದು ನಿಜವಾದ ಹುಟ್ಟು ಅನುಕೂಲ ಇದೆ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ: ಅವನು ನಿಂತಾಗ ಮುಖ ಫಸ್ಟ್ ಬೇಸ್ ಕಡೆಗೇ ಇರುತ್ತದೆ. ಓಟಗಾರನನ್ನು ನೋಡುತ್ತಲೇ ಕಾಲೆತ್ತಿ, ಕೊನೆ ಗಳಿಗೆಯಲ್ಲಿ ಎತ್ತ ಎಸೆಯುವುದೆಂದು ತೀರ್ಮಾನಿಸಬಹುದು. ಎತ್ತಿದ ಬಲಪಾದ ರಬ್ಬರ್‌ನ ಹಿಂದಂಚನ್ನು ದಾಟಿದರೆ ಮಾತ್ರ ಫಸ್ಟ್‌ಗೆ ಎಸೆಯುವಂತಿಲ್ಲ, ಎಸೆದರೆ ಬಾಕ್ ಎಂಬ ತಪ್ಪು. ಮಕ್ಕಳು ಕನ್ನಡಿಯ ಮುಂದೆ ನಿಂತು ಇದನ್ನು ಅಭ್ಯಾಸ ಮಾಡಬಹುದು, ತೋಳಿಗೆ ಒಂದಿಷ್ಟೂ ಆಯಾಸವಿಲ್ಲ.

ಹಾಗಾದರೆ ಎಡಚರು ಪ್ಲೇಟ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಯಾಕೆ ಆಗುವುದಿಲ್ಲ? ಮೇಜರ್ ಲೀಗ್‌ನಲ್ಲಿ ಕೊನೆಯ ಎಡಗೈ ಕ್ಯಾಚರ್ ಬೆನ್ನಿ ಡಿಸ್ಟೆಫಾನೊ, 1989ರಲ್ಲಿ, ಅದೂ ಪೈರೇಟ್ಸ್ ಪರವಾಗಿಯೇ, ಮೂರು ಪಂದ್ಯ. ಬಲಗೈ ಬ್ಯಾಟರ್ ಅಡ್ಡ ಬರುತ್ತಾನೆ ಎನ್ನುವ ಕಾರಣದಲ್ಲಿ ಹುರುಳಿಲ್ಲ, ಬಲಗೈ ಕ್ಯಾಚರ್‌ಗೆ ಎಡಗೈ ಬ್ಯಾಟರ್ ಅಡ್ಡ ಬರುವುದಿಲ್ಲವೇ? ಥರ್ಡ್ ಬೇಸ್‌ನಿಂದ ಓಡಿಬರುವವನನ್ನು ಮುಟ್ಟಲು ಬಲಗೈಯಲ್ಲಿರುವ ಮಿಟ್ (ಕ್ಯಾಚರ್‌ನ ಗ್ಲೋವ್) ಮೈದಾಟಿ ಬರಬೇಕು ಎನ್ನುವುದು ನಿಜ. ಅದಕ್ಕಿಂತ ದೊಡ್ಡ ಕಾರಣ, ಎಡತೋಳು ಗಟ್ಟಿಯಿರುವ ಹುಡುಗ ಕಂಡರೆ ಹತ್ತನೇ ವಯಸ್ಸಿಗೇ ಕೋಚ್ ಅವನನ್ನು ಪಿಚರ್‌ನ ದಿಬ್ಬದ ಮೇಲೆ ನಿಲ್ಲಿಸಿಬಿಡುತ್ತಾನೆ. ಅಂಗಡಿಯಲ್ಲಿ ಎಡಚ ಮಕ್ಕಳ ಕ್ಯಾಚರ್ ಮಿಟ್ ಸಿಗುವುದೂ ಕಷ್ಟ, ಬೇಕೆಂದರೆ ಆರ್ಡರ್ ಕೊಟ್ಟು ತರಿಸಬೇಕು. ತರಿಸುವಾಗ ಚೀಟಿ ಓದಿಕೊಳ್ಳಿ: ‘ಲೆಫ್ಟ್ ಹ್ಯಾಂಡ್ ಥ್ರೋ’ ಎಂದಿದ್ದರೆ ಅದು ಬಲಗೈಗೆ ತೊಡುವ ಗ್ಲೋವ್.