ತಲೆಗೆ ಪೆಟ್ಟಾಗಿ ಮೂಗಿನಿಂದ ನೀರು ಸೋರುತ್ತಿದೆ, ಸುಮ್ನೆ ಮಲಗಿಸಿದರೆ ಸಾಕಾ?

ಓದುಗರ ಪ್ರಶ್ನೆ: ನನ್ನ ತಮ್ಮ ಬೈಕಿನಿಂದ ಬಿದ್ದ. ಎರಡೂ ಕಣ್ಣಿನ ಸುತ್ತ ಕಪ್ಪಾಗಿದೆ. ಒಂದು ಹೊಳ್ಳೆಯಿಂದ ತೊಟ್ಟು ತೊಟ್ಟಾಗಿ ನೀರು ಬರುತ್ತಿದೆ. ಬುರುಡೆಯ ತಳದ ಮೂಳೆ ಬಿರುಕು ಬಿಟ್ಟಿದೆ ಎಂದು ಸ್ಕ್ಯಾನ್ ನೋಡಿ ಡಾಕ್ಟರ್ ಹೇಳಿದರು. ಆದರೆ ಆಪರೇಷನ್ ಇಲ್ಲ. ದಿಂಬು ಎತ್ತರಿಸಿ ಮಲಗಿಸಿದ್ದಾರೆ, ಅಷ್ಟೇ. ಇದು ಸರಿಯಾ?

ಉತ್ತರ: ಹೆಚ್ಚಿನವರ ವಿಷಯದಲ್ಲಿ ಇದೇ ಸರಿಯಾದ ಚಿಕಿತ್ಸೆ. ಆದರೆ ಅದು ಸುಮ್ನೆ ಮಲಗಿಸುವುದಲ್ಲ, ಕಣ್ಣಿಟ್ಟು ಕಾಯುವುದು. ಯಾಕೆ ಅಂತ ಹೇಳುತ್ತೇನೆ.

ಮೆದುಳು ಕೂತಿರುವ ಜಾಗವೇ ಬುರುಡೆಯ ತಳ. ನೆತ್ತಿಯ ಮೂಳೆ ದಪ್ಪ, ಗಟ್ಟಿ. ತಳದ ಮೂಳೆ ಹಾಗಲ್ಲ. ಕೆಲವು ಕಡೆ ತೀರಾ ತೆಳು. ನರಗಳು, ರಕ್ತನಾಳಗಳು ಹಾದುಹೋಗಲು ಅದರ ತುಂಬಾ ತೂತುಗಳಿವೆ. ಮೂಗಿನ ಮೇಲ್ಭಾಗದ ತುಣುಕಂತೂ ಜರಡಿಯಂತೆಯೇ ಇದೆ. ಇಲ್ಲಿ ಬಿರುಕು ಬಿಟ್ಟರೆ ಮೂಳೆಗೆ ಅಂಟಿಕೊಂಡಿರುವ ಮೆದುಳಿನ ಪೊರೆಯೂ ಹರಿಯಬಹುದು. ಆಗ ಮೆದುಳನ್ನು ಸುತ್ತುವರಿದ ದ್ರವ ಮೂಗಿಗೋ ಕಿವಿಗೋ ಇಳಿಯುತ್ತದೆ. ನಿಮ್ಮ ತಮ್ಮನಿಗೆ ಸೋರುತ್ತಿರುವುದು ಇದೇ ಇರಬೇಕು. ಅನುಮಾನವಿದ್ದರೆ ಆ ನೀರನ್ನು ಹಿಡಿದು ಲ್ಯಾಬಿಗೆ ಕಳಿಸುತ್ತಾರೆ. ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಅದರಲ್ಲಿದ್ದರೆ ಅದು ನೆಗಡಿಯ ನೀರಲ್ಲ, ಮೆದುಳಿನ ದ್ರವ.

"ಎಲ್ಲ ಸೋರಿಹೋದರೆ ಏನು ಗತಿ" ಎಂದು ಮನೆಯವರು ಹೆದರುತ್ತಾರೆ. ದೊಡ್ಡವರಲ್ಲಿ ಈ ದ್ರವ ಸುಮಾರು 150 ಮಿಲಿಲೀಟರ್ ಇರುತ್ತದೆ. ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗುತ್ತದೆ. ಹಾಗಾಗಿ ಖಾಲಿಯಾಗುವ ಭಯ ಬೇಡ. ತಲೆನೋವು ಬರಬಹುದು. ನಿಜವಾದ ಭಯ ಬೇರೆ: ದ್ರವ ಹೊರಬರುವ ದಾರಿಯಲ್ಲೇ ಮೂಗಿನ ಬ್ಯಾಕ್ಟೀರಿಯಾ ಒಳಗೆ ಹೋಗಬಹುದು. ಅದರಿಂದ ಆಗುವುದು ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು. ಜೀವಕ್ಕೇ ಅಪಾಯ ಅದು.

ಪೆಟ್ಟಿನಿಂದಾದ ಸೋರಿಕೆ ಬಹುತೇಕರಲ್ಲಿ ಒಂದು ವಾರದೊಳಗೆ ತಾನಾಗಿಯೇ ನಿಲ್ಲುತ್ತದೆ. ಹರಿದ ಪೊರೆ ಕೂಡಿಕೊಳ್ಳಲು ತಲೆಯೊಳಗಿನ ಒತ್ತಡ ಏರಬಾರದು. ಅದಕ್ಕೇ ತಲೆ ಎತ್ತರಿಸಿ ಮಲಗಿಸುವುದು, ಮಲ ಸಲೀಸಾಗಿ ಹೋಗಲು ಔಷಧಿ ಕೊಡುವುದು. ಮಲಕ್ಕೆ ಹೋದಾಗ ತಿಣುಕಬಾರದು, ಭಾರ ಎತ್ತಬಾರದು. ಮೂಗು ಸೀಟಲೇಬಾರದು, ಸೀಟಿದರೆ ಗಾಳಿ ಬಿರುಕಿನ ಮೂಲಕ ಬುರುಡೆಯೊಳಗೆ ನುಗ್ಗುತ್ತದೆ. ಸೀನು ಬಂದರೆ ಬಾಯಿ ತೆರೆದು ಸೀನಲಿ. ಸೋರಿಕೆ ನಿಲ್ಲದಿದ್ದರೆ ಅಥವಾ ತೂತು ದೊಡ್ಡದಿದ್ದರೆ ಆಗ ಆಪರೇಷನ್. ಎಷ್ಟೋ ಸಲ ತಲೆ ತೆರೆಯದೆ, ಮೂಗಿನಿಂದಲೇ ಎಂಡೋಸ್ಕೋಪ್ ಹಾಕಿ ಮುಚ್ಚುತ್ತಾರೆ. "ಆಂಟಿಬಯಾಟಿಕ್ ಯಾಕೆ ಕೊಟ್ಟಿಲ್ಲ" ಎಂದು ಕೇಳುವವರೂ ಇದ್ದಾರೆ. ಮುಂಜಾಗ್ರತೆಗೆಂದು ಎಲ್ಲರಿಗೂ ಕೊಡುವುದರಿಂದ ಮೆನಿಂಜೈಟಿಸ್ ತಪ್ಪುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ನ್ಯುಮೋಕಾಕಸ್ ಲಸಿಕೆ ಬೇಕಾ ಎಂದು ಮಾತ್ರ ಖಂಡಿತ ಕೇಳಿ. ಇಂಥ ಸೋಂಕಿಗೆ ಹೆಚ್ಚಾಗಿ ಆ ಬ್ಯಾಕ್ಟೀರಿಯಾವೇ ಕಾರಣ.

ಇಲ್ಲೊಂದು ಮಾತು ಕೈಮುಗಿದು ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಕಿವಿ ಸೋರಿದರೆ ಬೆಚ್ಚಗಿನ ಎಣ್ಣೆ ಬಿಡುವ, ಹತ್ತಿ ತುರುಕುವ ಅಭ್ಯಾಸವಿದೆ. ತಲೆಗೆ ಪೆಟ್ಟಾದವರಿಗೆ ಇದನ್ನು ಮಾಡಲೇಬೇಡಿ. ಮೂಗಿಗೂ ಏನನ್ನೂ ಹಾಕಬೇಡಿ, ನಶ್ಯವೂ ಬೇಡ. ಆಸ್ಪತ್ರೆಯಲ್ಲೂ ಇಂಥವರಿಗೆ ಮೂಗಿನ ಮೂಲಕ ಟ್ಯೂಬ್ ಹಾಕುವುದಿಲ್ಲ, ಅದು ಬಿರುಕಿನಲ್ಲಿ ತೂರಿ ಮೆದುಳಿಗೇ ಹೋಗಬಹುದು. ಬೇಕಾದರೆ ಬಾಯಿಂದ ಹಾಕುತ್ತಾರೆ.

ಕಣ್ಣಿನ ಸುತ್ತಲಿನ ಕಪ್ಪು ಕಣ್ಣಿಗಾದ ಪೆಟ್ಟಲ್ಲ, ಒಳಗಿನ ರಕ್ತ ಅಲ್ಲಿ ಬಂದು ನಿಂತಿರುವುದು. ಅದು ತಾನಾಗಿಯೇ ಮಾಯುತ್ತದೆ. ಕಿವಿಯ ಹಿಂದಿನ ಮೂಳೆಯ ಮೇಲೂ ಹೀಗೆ ಕಪ್ಪಾಗುವುದುಂಟು. ಬ್ಯಾಟಲ್ ಎಂಬ ಇಂಗ್ಲಿಷ್ ಸರ್ಜನ್ ಹೆಸರಿನಲ್ಲೇ ಇಂದಿಗೂ ಅದನ್ನು ಕರೆಯುತ್ತಾರೆ. ಎಷ್ಟೋ ಸಲ ಇದು ಒಂದೆರಡು ದಿನ ಕಳೆದ ಮೇಲೆ ಕಾಣಿಸುತ್ತದೆ. ಆದ್ದರಿಂದ ಬಿದ್ದ ದಿನ ಏನೂ ಕಾಣಲಿಲ್ಲ ಎಂದು ನಿರಾಳವಾಗುವುದು ಬೇಡ.

ಮೂಳೆ ಕೂಡಿದರೂ ಕೆಲವು ತೊಂದರೆ ಉಳಿಯಬಹುದು. ಬಿರುಕು ಕಿವಿಯ ಕಡೆ ಹೋಗಿದ್ದರೆ ಕೇಳಿಸುವುದು ಕಡಿಮೆಯಾಗುತ್ತದೆ. ಮಧ್ಯಕಿವಿಯಲ್ಲಿ ರಕ್ತ ನಿಂತಿದ್ದರಿಂದ ಹಾಗಾಗಿದ್ದರೆ ವಾರಗಳಲ್ಲಿ ಸರಿಹೋಗುತ್ತದೆ. ಒಳಕಿವಿಯೇ ಒಡೆದಿದ್ದರೆ ಮರಳುವುದು ಕಷ್ಟ. ತಲೆಸುತ್ತು ಬರಬಹುದು. ಮುಖ ಒಂದು ಕಡೆ ಸೊಟ್ಟಗಾದರೆ ಯಾವಾಗ ಆಯಿತು ಎಂಬುದನ್ನು ಡಾಕ್ಟರಿಗೆ ಸರಿಯಾಗಿ ಹೇಳಿ. ದಿನಗಳ ನಂತರ ಆಗಿದ್ದು ಸಾಮಾನ್ಯವಾಗಿ ಗುಣವಾಗುತ್ತದೆ. ಬಿದ್ದ ಕೂಡಲೇ ಆಗಿದ್ದರೆ ನರ ತುಂಡಾಗಿರಬಹುದು.

ಯಾರೂ ಗಮನ ಕೊಡದ ನಷ್ಟ ವಾಸನೆಯದು. ಮೂಗಿನ ಮೇಲಿನ ಆ ತೂತುಗಳಲ್ಲಿ ಹಾದುಹೋಗುವ ವಾಸನೆಯ ನರದ ಎಳೆಗಳು ಪೆಟ್ಟಿಗೆ ಕಿತ್ತುಹೋಗುತ್ತವೆ. ರೋಗಿ "ಊಟ ರುಚಿಸುತ್ತಿಲ್ಲ" ಅನ್ನುತ್ತಾರೆ, ಮನೆಯವರು ಬೇಜಾರು ಅಂದುಕೊಳ್ಳುತ್ತಾರೆ. ಸಾರಿನ ಒಗ್ಗರಣೆಯ ಘಮ ತಿಳಿಯದಿರುವುದು ಸಣ್ಣ ಸಂಕಟವಲ್ಲ. ಗ್ಯಾಸ್ ಸೋರಿದರೂ ಗೊತ್ತಾಗುವುದಿಲ್ಲ, ಅಲ್ವಾ? ತಮ್ಮನಿಗೆ ಕಾಫಿ ಪುಡಿ ಮೂಸಲು ಕೊಟ್ಟು ಕೇಳಿ. ತಿಳಿಯದಿದ್ದರೆ ಡಾಕ್ಟರಿಗೆ ಹೇಳಿ, ಮನೆಗೆ ಗ್ಯಾಸ್ ಅಲಾರ್ಮ್ ಹಾಕಿಸಿ.

ಜ್ವರ, ಹೆಚ್ಚುತ್ತಿರುವ ತಲೆನೋವು, ಕುತ್ತಿಗೆ ಬಿಗಿತ, ಮಂಪರು, ಪದೇ ಪದೇ ವಾಂತಿ, ಫಿಟ್ಸ್, ಕಣ್ಣು ಕೆಂಪಾಗಿ ಉಬ್ಬಿ ಮಿಡಿಯುವುದು: ಇವುಗಳಲ್ಲಿ ಒಂದೇ ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಡಾಕ್ಟರ್ ಒಪ್ಪುವವರೆಗೆ ವಿಮಾನ ಪ್ರಯಾಣ ಬೇಡ. ಇನ್ನೊಂದು ವಿಷಯ. ಸೋರಿಕೆ ನಿಂತು ವರ್ಷಗಳಾದ ಮೇಲೂ ಅಪರೂಪಕ್ಕೆ ಮೆನಿಂಜೈಟಿಸ್ ಬರುವುದುಂಟು. ಆಗ ನೋಡುವ ಡಾಕ್ಟರಿಗೆ ಹಳೇ ಪೆಟ್ಟಿನ ಸುಳಿವು ಇರುವುದಿಲ್ಲ. ಸ್ಕ್ಯಾನ್ ರಿಪೋರ್ಟು, ಡಿಸ್ಚಾರ್ಜ್ ಚೀಟಿ ಎರಡನ್ನೂ ಜೋಪಾನವಾಗಿ ಇಟ್ಟಿರಿ.